ಜೈರಾಯ್ಡ್ ಮೂಳೆ ಸ್ಕ್ಯಾಫೋಲ್ಡ್: ಮಾಡೆಲ್ ಎಲ್ಲಿಗೆ ಬಂತು

ಮೊದಲೆರಡು ವಾರ: ಆಕಾರ

ನಾವು ಮಾಡುತ್ತಿರುವುದು ಮೂಳೆಯ ಜಾಗದಲ್ಲಿ ಕೂರಿಸುವ ಲೋಹದ ಆಧಾರದ (ಸ್ಕ್ಯಾಫೋಲ್ಡ್) ಕಂಪ್ಯೂಟರ್ ಮಾಡೆಲ್. ಟೈಟೇನಿಯಂ ಮಿಶ್ರಲೋಹದ ಯಂಗ್ಸ್ ಮಾಡ್ಯುಲಸ್ (ಬಿಗಿತದ ಅಳತೆ) ಸುಮಾರು 110 ಗಿಗಾಪ್ಯಾಸ್ಕಲ್. ಮೂಳೆಯ ಗಟ್ಟಿ ಹೊರಪದರದ್ದು 15ರಿಂದ 20. ಲೋಹದ ಗಟ್ಟಿ ತುಂಡನ್ನೇ ಕೂರಿಸಿದರೆ ಭಾರವನ್ನೆಲ್ಲ ಅದೇ ಹೊರುತ್ತದೆ, ಕೆಲಸವಿಲ್ಲದ ಪಕ್ಕದ ಮೂಳೆ ಕ್ರಮೇಣ ಕರಗುತ್ತದೆ. ಅದಕ್ಕೇ ರಂಧ್ರಗಳ ಜಾಲ ಬೇಕು. ನಾವು ಆರಿಸಿಕೊಂಡದ್ದು ನಾಸಾದಲ್ಲಿದ್ದ ಅಲನ್ ಶೋನ್ 1970ರಲ್ಲಿ ವಿವರಿಸಿದ ಜೈರಾಯ್ಡ್, ಮೂರೂ ದಿಕ್ಕಿಗೆ ಮರುಕಳಿಸುವ ಬಾಗಿದ ಮೇಲ್ಮೈ. ಪೈಥಾನ್‌ನಲ್ಲಿ ಇದು ಒಂದೇ ಸಾಲು:

ಸೈನ್ ಎಕ್ಸ್ · ಕಾಸ್ ವೈ + ಸೈನ್ ವೈ · ಕಾಸ್ ಝಡ್ + ಸೈನ್ ಝಡ್ · ಕಾಸ್ ಎಕ್ಸ್ > ಟಿ

ಈ ಷರತ್ತು ಪೂರೈಸುವ ಜಾಗವೆಲ್ಲ ಲೋಹ. ಟಿ ಸೊನ್ನೆಯಾದರೆ ಅರ್ಧ ಲೋಹ, ಅರ್ಧ ರಂಧ್ರ. ಟಿ ಬದಲಾದಂತೆ ಲೋಹದ ಪಾಲು ಹೆಚ್ಚುಕಡಿಮೆ 0.5 − ಟಿ/3; ಟಿ = 0.6 ಇಟ್ಟರೆ 30%. ಚಿಹ್ನೆ ತಿರುಗಿಬಿದ್ದರೆ 70% ಲೋಹ ಬರುತ್ತದೆ. ಚಿತ್ರದಲ್ಲಿ ಅದೂ ಅಷ್ಟೇ ಚೆನ್ನಾಗಿ ಕಾಣುವುದರಿಂದ ಪ್ರತಿ ಸಲ ಲೋಹದ ವಾಕ್ಸೆಲ್ (ಆಕಾರವನ್ನು ಒಡೆದ ಪುಟ್ಟ ಘನ) ಎಣಿಸಿಯೇ ಮುಂದೆ ಹೋಗಬೇಕು.

ಒಂದು ಕೋಶದ (ಮರುಕಳಿಸುವ ಆಕಾರದ ಒಂದು ಘಟಕ) ಅಳತೆ 1 ಮಿ.ಮೀ. ಕವಲು ಕೂಡುವಲ್ಲಿ ರಂಧ್ರದೊಳಗೆ ಹಿಡಿಯುವ ದೊಡ್ಡ ಗೋಳದ ವ್ಯಾಸ ಸುಮಾರು 0.55 ಮಿ.ಮೀ., ಜಾಲದ ಲೋಹದ ಕಡ್ಡಿಯ ದಪ್ಪ ಸುಮಾರು 0.3. ರಕ್ತನಾಳ ಒಳಗೆ ಬೆಳೆಯಲು 0.3 ಮಿ.ಮೀ.ಗಿಂತ ದೊಡ್ಡ ರಂಧ್ರ ಒಳ್ಳೆಯದು ಎಂಬ ಲೆಕ್ಕಕ್ಕೆ ಇದು ಸರಿಹೊಂದುತ್ತದೆ.

ವಾಕ್ಸೆಲ್ಲುಗಳಿಂದ ತ್ರಿಕೋನಗಳ ಮೇಲ್ಮೈ ತೆಗೆಯುವ ಮಾರ್ಚಿಂಗ್ ಕ್ಯೂಬ್ಸ್ ಓಡಿಸುವ ಮುನ್ನ ಆರೂ ಬದಿಗೆ ಒಂದೊಂದು ಪದರ ಖಾಲಿ ವಾಕ್ಸೆಲ್ ಸೇರಿಸಿ. ಇಲ್ಲದಿದ್ದರೆ ಕತ್ತರಿಸಿದ ಕಡ್ಡಿಗಳ ತುದಿ ಬಾಯಿ ತೆರೆದುಕೊಂಡೇ ಉಳಿಯುತ್ತದೆ.

ಮೂರನೇ ವಾರ: ಮೆಶ್

ಎಸ್‌ಟಿಎಲ್‌ನಿಂದ (ಆ ತ್ರಿಕೋನ ಮೇಲ್ಮೈಯ ಫೈಲ್) ಚತುರ್ಮುಖಿ ಮೆಶ್, ಅಂದರೆ ಲೆಕ್ಕಕ್ಕಾಗಿ ಎಲಿಮೆಂಟ್ ಎಂಬ ಸಣ್ಣ ತುಂಡುಗಳ ಜಾಲ, ಮಾಡುವ ದಾರಿ ಬಿಟ್ಟೆವು. ಸೀಳಿನಂಥ ತೆಳು ಎಲಿಮೆಂಟುಗಳು ತುಂಬಿಕೊಂಡವು. ಈಗ ಪ್ರತಿ ವಾಕ್ಸೆಲ್ ನೇರವಾಗಿ ಎಂಟು ಮೂಲೆಯ ಎಲಿಮೆಂಟ್. 4×4×4 ಕೋಶ, 25 ಮೈಕ್ರಾನ್ ವಾಕ್ಸೆಲ್: ಒಟ್ಟು 40,96,000, ಅದರಲ್ಲಿ ಲೋಹ ಸುಮಾರು 12.3 ಲಕ್ಷ. ಸಮೀಕರಣಗಳನ್ನೆಲ್ಲ ಒಂದೇ ಸಲಕ್ಕೆ ಬಿಡಿಸುವ ಡೈರೆಕ್ಟ್ ಸಾಲ್ವರ್‌ಗೆ ಮೆಮೊರಿ ಸಾಲದು. ಎಲ್ಲ ಎಲಿಮೆಂಟೂ ಒಂದೇ ಅಚ್ಚಿನವು, ಹಾಗಾಗಿ 24×24ರ ಒಂದೇ ಮ್ಯಾಟ್ರಿಕ್ಸ್ ಇಟ್ಟುಕೊಂಡು ಹಂತಹಂತವಾಗಿ ಉತ್ತರಕ್ಕೆ ಹತ್ತಿರವಾಗುವ ಕಾಂಜುಗೇಟ್ ಗ್ರೇಡಿಯೆಂಟ್‌ನಲ್ಲಿ ಬಿಡಿಸಬಹುದು.

ವಾಕ್ಸೆಲ್‌ನ ದೊಡ್ಡ ತೊಡಕು ಮೆಟ್ಟಿಲು. ಎಷ್ಟೇ ಸಣ್ಣದು ಮಾಡಿದರೂ ಮೇಲ್ಮೈ ವಿಸ್ತೀರ್ಣ ನಿಜಕ್ಕಿಂತ ಸುಮಾರು ಒಂದೂವರೆ ಪಟ್ಟು ಬರುತ್ತದೆ. ವಿಸ್ತೀರ್ಣವನ್ನು ತ್ರಿಕೋನ ಮೆಶ್‌ನಿಂದಲೇ ತೆಗೆಯಿರಿ. ಮೆಟ್ಟಿಲ ಮೂಲೆಯ ಗರಿಷ್ಠ ಒತ್ತಡವನ್ನೂ ನಂಬಬೇಡಿ. ಸರಾಸರಿ ಬಿಗಿತ ಮಾತ್ರ ನೆಚ್ಚಬಹುದು, ಅದೂ ಕಡ್ಡಿಯ ಅಡ್ಡಕ್ಕೆ ಹತ್ತು-ಹನ್ನೆರಡು ವಾಕ್ಸೆಲ್ ಇದ್ದಾಗ. ಕಡಿಮೆಯಾದರೆ ಮಾಡೆಲ್ ಇರುವುದಕ್ಕಿಂತ ಬಿಗಿಯಾಗುತ್ತದೆ.

ನಾಲ್ಕನೇ ವಾರ: ಅಂಚು

ಹೆಚ್ಚು ಸಮಯ ಹಿಡಿದದ್ದು ಇದೇ: ಒತ್ತುವಾಗ ತುಂಡಿನ ಅಂಚನ್ನು ಎಲ್ಲೆಲ್ಲಿ ಹಿಡಿಯಬೇಕು ಎಂಬುದು. ಮೇಲೆ ಕೆಳಗೆ ಮೂರೂ ದಿಕ್ಕು ಕಟ್ಟಿಹಾಕಿದರೆ ತಟ್ಟೆಗೆ ಅಂಟಿಸಿದ ಹಾಗೆ. ಅಡ್ಡಕ್ಕೆ ಹಿಗ್ಗಲಾಗದೆ ಬಿಗಿತ ಏರುತ್ತದೆ. ಕೆಳಮುಖಕ್ಕೆ ಲಂಬ ದಿಕ್ಕು ಮಾತ್ರ ಕಟ್ಟಿ, ಒಂದು ಮೂಲೆಯಲ್ಲಿ ಎಕ್ಸ್, ವೈ ಎರಡನ್ನೂ, ಇನ್ನೊಂದರಲ್ಲಿ ವೈ ಒಂದನ್ನೇ ಹಿಡಿದರೆ ಸಾಕು. ಮೇಲ್ಮುಖವನ್ನು 0.004 ಮಿ.ಮೀ. ಒತ್ತಿ, ಅಂದರೆ 0.1%. ಇನ್ನೊಂದು ಕಡೆ, ಬದಿಯಲ್ಲಿ ತುಂಡಾದ ಕಡ್ಡಿಗಳು ಭಾರ ಹೊರುವುದಿಲ್ಲ, ಸಣ್ಣ ತುಂಡಿನಲ್ಲಿ ಬಿಗಿತ ಕುಸಿಯುತ್ತದೆ. ಆದ್ದರಿಂದ 2, 3, 4, 5 ಕೋಶಗಳಿಗೆ ಓಡಿಸಿ, ಸಂಖ್ಯೆ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಅಂದಾಜಿಗೆ ಸಾಂದ್ರತೆಯ (ಲೋಹದ ಪಾಲಿನ) ವರ್ಗದ ಸೂತ್ರ ಸಾಕು: 110 × 0.3² = 9.9 ಗಿಗಾಪ್ಯಾಸ್ಕಲ್.

ಮುಂದೆ: ಮುದ್ರಣ

10 ಮಿ.ಮೀ. ಘನ 1.33 ಗ್ರಾಂ ತೂಗಬೇಕು. 1.5 ಗ್ರಾಂ ತೂಗಿದರೆ ಕಡ್ಡಿಗಳ ಕೆಳಬದಿಗೆ ಪುಡಿ ಕರಗಿ ಅಂಟಿದೆ ಎಂದು ಮೊದಲು ಅನುಮಾನಿಸಬೇಕು. ಲೋಹದ ಪಾಲು ಸುಮಾರು 34%ಕ್ಕೆ ಏರಿ, ಅದೇ ಸೂತ್ರದಂತೆ ಬಿಗಿತ 27% ಹೆಚ್ಚುತ್ತದೆ. ಆಗ ಟಿ ಬೆಲೆಯನ್ನು ಆ ತೂಕಕ್ಕೆ ತಕ್ಕಂತೆ ಹೊಂದಿಸಿ ಇನ್ನೊಮ್ಮೆ ಓಡಿಸಬೇಕು.