ಆನ್ ಆರ್ಬರ್‌ನಿಂದ: ಹಣ ಕೊಟ್ಟವರು ಹಾಕಿದ ಷರತ್ತು

ನನ್ನ ಅಪ್ಪ ಕೆ.ಇ.ಬಿ.ಯಲ್ಲಿ ದುಡಿದು ನಿವೃತ್ತರಾದವರು. ಒಂದು ಬೇಸಿಗೆಯಲ್ಲಿ ಅವರು ನಮ್ಮ ಬಳಿ ಬಂದಿದ್ದಾಗ, ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿರುವ ಹೋಟನ್ ಎಂಬ ಪುಟ್ಟ ವಿಶ್ವವಿದ್ಯಾಲಯದ ಊರಿಗೆ ಕರೆದುಕೊಂಡು ಹೋಗಿದ್ದೆ. ನಾವಿರುವ ಆನ್ ಆರ್ಬರ್‌ನಿಂದ ಅದು ಕಾರಿನಲ್ಲಿ ಸುಮಾರು 9 ಗಂಟೆಯ ದಾರಿ. ಸೇತುವೆ ದಾಟಿದ ಮೇಲೆ ಎರಡೂ ಬದಿಗೆ ಕಾಡು, ಬಹಳ ಹೊತ್ತಿಗೊಮ್ಮೆ ಒಂದು ಪೆಟ್ರೋಲ್ ಬಂಕ್. ರಸ್ತೆಯ ಪಕ್ಕದಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಟೊಪ್ಪಿ ಹಾಕಿದ ಗಿಡ್ಡ ಕಂಬಗಳು ಕಾಣುತ್ತಿದ್ದವು. ನೆಲದಡಿ ದೂರಸಂಪರ್ಕದ ಕೇಬಲ್ ಇದೆ, ಅಗೆಯಬೇಡಿ ಎಂಬ ಗುರುತು ಅದು ಎಂದು ಹೇಳಿದೆ. ಅಪ್ಪ ತಮ್ಮ ವೃತ್ತಿಗೆ ತಕ್ಕ ಪ್ರಶ್ನೆಯನ್ನೇ ಕೇಳಿದರು: "ಇಷ್ಟುದ್ದ ಲೈನ್ ಎಳೆದಿದ್ದಾರಲ್ಲ, ಕನೆಕ್ಷನ್ ಎಷ್ಟಿವೆ? ದುಡ್ಡು ಹಾಕಿದವರು ಯಾರು?"

ಇಲ್ಲಿನ ವಿಶ್ವವಿದ್ಯಾಲಯವೊಂದರ ಗಣಕ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಉತ್ತರ ಗೊತ್ತಿತ್ತಾದರೂ, ಅದು ಒಂದು ವಾಕ್ಯದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಉತ್ತರ ಮಿಷಿಗನ್ನಿನಲ್ಲಿ ಹೀಗೆ ಹೂತಿರುವ ಕೇಬಲ್‌ಗಳಲ್ಲಿ ಒಂದಷ್ಟು, ಕಂಪ್ಯೂಟರ್ ಜಾಲ ನಡೆಸುವ ಮೆರಿಟ್ ಎಂಬ ಲಾಭರಹಿತ ಸಂಸ್ಥೆಯವು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳೇ ಅದರ ಒಡೆಯರು. 2009ರ ಆರ್ಥಿಕ ಚೇತರಿಕೆ ಕಾಯ್ದೆಯಡಿ ಇಲ್ಲಿನ ಕೇಂದ್ರ ಸರ್ಕಾರವು ಬ್ರಾಡ್‌ಬ್ಯಾಂಡ್‌ಗೆಂದು ತೆಗೆದಿಟ್ಟ ಹಣದಿಂದ ಮೆರಿಟ್‌ಗೆ 2010ರಲ್ಲಿ ಎರಡು ಬಾರಿ ಅನುದಾನ ಸಿಕ್ಕಿತು. ಎರಡೂ ಸೇರಿದರೆ 10 ಕೋಟಿ ಡಾಲರ್‌ಗೂ ಹೆಚ್ಚು. ಮನೆಗಳೇ ಇಲ್ಲದ ಹಾದಿಯಲ್ಲಿ ಖಾಸಗಿ ಕಂಪನಿಗಳು ಕೇಬಲ್ ಹೂಳುವುದಿಲ್ಲ ಎಂಬುದನ್ನು ಹಳ್ಳಿಗಳಿಗೆ ಕರೆಂಟು ಕೊಟ್ಟು ಬಂದ ಅಪ್ಪನಿಗೆ ನಾನು ವಿವರಿಸಬೇಕಾಗಿರಲಿಲ್ಲ.

ಮೆರಿಟ್‌ನ ಕಥೆ ಅದಕ್ಕಿಂತ ಬಹಳ ಹಳೆಯದು. ಮಿಷಿಗನ್ ವಿಶ್ವವಿದ್ಯಾಲಯ, ಮಿಷಿಗನ್ ಸ್ಟೇಟ್ ಮತ್ತು ಡೆಟ್ರಾಯಿಟ್‌ನ ವೇನ್ ಸ್ಟೇಟ್ ಸೇರಿ 1966ರಲ್ಲಿ ಅದನ್ನು ಸ್ಥಾಪಿಸಿದವು. ರಾಜ್ಯ ಸರ್ಕಾರವೂ ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುವ ಕೇಂದ್ರದ ನ್ಯಾಷನಲ್ ಸೈನ್ಸ್ ಫೌಂಡೇಶನ್ನೂ ಕೊಟ್ಟ ಹಣದಿಂದ ಕೆಲಸ ನಡೆದು, 1971ರ ಡಿಸೆಂಬರ್‌ನಲ್ಲಿ ಆನ್ ಆರ್ಬರ್‌ನ ಕಂಪ್ಯೂಟರೊಂದು ಡೆಟ್ರಾಯಿಟ್‌ನ ಕಂಪ್ಯೂಟರಿನೊಡನೆ ಮಾತಾಡಿತು. ಸಂಸ್ಥೆ ಹುಟ್ಟಿದ ಐದು ವರ್ಷಗಳ ನಂತರ! ಇಂದಿನ ಯಾವ ಹೂಡಿಕೆದಾರನೂ ಅಷ್ಟು ತಾಳ್ಮೆ ತೋರಿಸಲಾರ ಎಂದು ನನಗನ್ನಿಸುತ್ತದೆ.

ಆದರೆ ಈ ಬರಹದಲ್ಲಿ ನಾನು ಹೇಳಹೊರಟಿರುವುದು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಹಣದ ಜೊತೆ ಬಂದ ಷರತ್ತುಗಳ ವಿಷಯವನ್ನು. 1980ರ ದಶಕದ ನಡುವಿನಲ್ಲಿ ಸೈನ್ಸ್ ಫೌಂಡೇಶನ್ ದೇಶದ ಐದು ಕಡೆ ಸೂಪರ್‌ಕಂಪ್ಯೂಟರ್ ಕೇಂದ್ರಗಳನ್ನು ಸ್ಥಾಪಿಸಿತು. ದೂರದ ಸಂಶೋಧಕರು ಅವನ್ನು ಬಳಸಬೇಕಾದರೆ ಜಾಲ ಬೇಕು. ಅದರ ಹೊಣೆ ಹೊತ್ತು 1985ರಲ್ಲಿ ಐರ್ಲೆಂಡಿನಿಂದ ಬಂದ ಡೆನಿಸ್ ಜೆನಿಂಗ್ಸ್ ಒಂದು ನಿರ್ಧಾರ ಕೈಗೊಂಡರು: ಈ ಜಾಲದಲ್ಲಿ ಟಿಸಿಪಿ/ಐಪಿ, ಅಂದರೆ ಇಂದಿನ ಅಂತರ್ಜಾಲದ ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳು, ಕಡ್ಡಾಯ. ಒಂದೊಂದು ಕಂಪ್ಯೂಟರ್ ಕಂಪನಿಯೂ ತನ್ನದೇ ಭಾಷೆಯಲ್ಲಿ ಜಾಲ ಕಟ್ಟುತ್ತಿದ್ದ ಕಾಲದಲ್ಲಿ, ಯಾರ ಸೊತ್ತೂ ಅಲ್ಲದ ಭಾಷೆಯನ್ನು ಆರಿಸಿದ ನಿರ್ಧಾರವದು. ಎರಡನೆಯ ಷರತ್ತು ಇನ್ನೂ ಸರಳ: ನಮ್ಮ ಹಣದಿಂದ ಸಂಪರ್ಕ ಪಡೆಯುವ ವಿಶ್ವವಿದ್ಯಾಲಯವು ಅದನ್ನು ಆವರಣದ ಅರ್ಹ ಬಳಕೆದಾರರೆಲ್ಲರಿಗೂ ಒದಗಿಸಬೇಕು. ಹಣ ತಂದ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ಮಾತ್ರವಲ್ಲ, ಇತಿಹಾಸ ವಿಭಾಗಕ್ಕೂ, ಗ್ರಂಥಾಲಯಕ್ಕೂ.

1986ರಲ್ಲಿ ಆ ಬೆನ್ನೆಲುಬು ಜಾಲದ ವೇಗ ಸೆಕೆಂಡಿಗೆ 56 ಕಿಲೊಬಿಟ್. ಹದಿನೈದು ವರ್ಷಗಳ ನಂತರ ನಮ್ಮ ಊರುಗಳ ಸೈಬರ್ ಕೆಫೆಯಲ್ಲಿ ಕಿರುಗುಟ್ಟುತ್ತಿದ್ದ ಮೋಡೆಮ್‌ನ ಗರಿಷ್ಠ ವೇಗವೂ ಅಷ್ಟೇ. ಇಲ್ಲಿ ಅಷ್ಟೇ ವೇಗವನ್ನು ದೇಶದ ಸೂಪರ್‌ಕಂಪ್ಯೂಟರ್ ಕೇಂದ್ರಗಳೆಲ್ಲ ಹಂಚಿಕೊಂಡು ಬದುಕಬೇಕಿತ್ತು. ಜಾಲ ಬೇಗನೆ ಕಿಕ್ಕಿರಿಯಿತು. 1987ರ ನವೆಂಬರ್‌ನಲ್ಲಿ ಹೊಸ ಜಾಲ ಕಟ್ಟುವ ಕೆಲಸ ಮೆರಿಟ್‌ಗೆ ಸಿಕ್ಕಿತು. ಸೈನ್ಸ್ ಫೌಂಡೇಶನ್ ಐದು ವರ್ಷಗಳಿಗೆ 3.9 ಕೋಟಿ ಡಾಲರ್ ಒಪ್ಪಿಕೊಂಡಿತು, ಮಿಷಿಗನ್ ರಾಜ್ಯ 50 ಲಕ್ಷ ಡಾಲರ್ ಸೇರಿಸಿತು, ಐಬಿಎಂ ಕಂಪನಿಯು ಯಂತ್ರಗಳನ್ನೂ ಎಂಸಿಐ ಎಂಬ ದೂರವಾಣಿ ಕಂಪನಿಯು ಮಾರ್ಗಗಳನ್ನೂ ಒದಗಿಸಿದವು. ಎಂಟೇ ತಿಂಗಳಲ್ಲಿ, 1988ರ ಜುಲೈಯಲ್ಲಿ, 13 ಕೇಂದ್ರಗಳನ್ನು 1.5 ಮೆಗಾಬಿಟ್ ವೇಗದಲ್ಲಿ ಬೆಸೆದ ಜಾಲ ಆರಂಭವಾಯಿತು. ಅದರ ನಿರ್ವಹಣಾ ಕೇಂದ್ರವಿದ್ದದ್ದು ಇದೇ ಆನ್ ಆರ್ಬರ್‌ನಲ್ಲಿ. ಮುಂದೆ ವೇಗ 45 ಮೆಗಾಬಿಟ್‌ಗೆ ಏರಿತು. 1995ರ ಏಪ್ರಿಲ್ 30ರಂದು, ಖಾಸಗಿ ಜಾಲಗಳು ಸಾಕಷ್ಟು ಬೆಳೆದಿವೆ ಎಂದು ಸರ್ಕಾರವು ಅದನ್ನು ನಿಲ್ಲಿಸಿತು. ಮೂರೂವರೆ ತಿಂಗಳ ನಂತರ, ಆಗಸ್ಟ್ 15ರಂದು, ನಮ್ಮ ದೇಶದಲ್ಲಿ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತು.

ಆ ಜಾಲಕ್ಕೆ ಒಟ್ಟು ಖರ್ಚಾದ ಸರ್ಕಾರಿ ಹಣ ಸುಮಾರು 20 ಕೋಟಿ ಡಾಲರ್. ಇಂಟರ್‌ನೆಟ್ ಖಾಸಗಿ ಸಾಹಸಿಗಳ ಸೃಷ್ಟಿ ಎಂದು ಇಲ್ಲಿನ ನಮ್ಮವರ ಕೂಟಗಳಲ್ಲಿ ಊಟದ ಹೊತ್ತಿಗೆ ಯಾರಾದರೂ ಹೇಳಿದಾಗ ನಾನು ಸಾಮಾನ್ಯವಾಗಿ ಸುಮ್ಮನಿರುತ್ತೇನೆ. ಹೋಳಿಗೆ ಬಡಿಸುವಾಗ ಜಗಳವಾಡಬಾರದು.

ಈಗ ಮನೆಮನೆಯಲ್ಲೂ ವೇಗದ ಸಂಪರ್ಕವಿರುವಾಗ ವಿಶ್ವವಿದ್ಯಾಲಯಗಳಿಗೆ ಬೇರೆಯೇ ಜಾಲ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಲಕ್ಷಾಂತರ ಜನ ಒಬ್ಬೊಬ್ಬರೂ ಸ್ವಲ್ಪಸ್ವಲ್ಪ ದತ್ತಾಂಶ ತರಿಸಿಕೊಳ್ಳುವುದು ಸಾಧಾರಣ ಅಂತರ್ಜಾಲದ ರೀತಿ. ಸಂಶೋಧನೆಯಲ್ಲಿ ಒಬ್ಬರೇ ಒಂದೇ ಹರಿವಿನಲ್ಲಿ ಬೆಟ್ಟದಷ್ಟನ್ನು ಸಾಗಿಸುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿರುವ ಸರ್ನ್ ಎಂಬ ಕಣ ಭೌತಶಾಸ್ತ್ರದ ಪ್ರಯೋಗಾಲಯದ ಅಟ್ಲಾಸ್ ಪ್ರಯೋಗದ ದತ್ತಾಂಶವನ್ನು ಸಂಸ್ಕರಿಸುವ ಕೇಂದ್ರವೊಂದನ್ನು ಮಿಷಿಗನ್ನಿನ ಎರಡು ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತವೆ. 10 ಟೆರಾಬೈಟ್ ದತ್ತಾಂಶವನ್ನು 100 ಮೆಗಾಬಿಟ್ ಮಾರ್ಗದಲ್ಲಿ ಕಳುಹಿಸಲು ಒಂಬತ್ತು ದಿನಗಳಿಗೂ ಹೆಚ್ಚು ಬೇಕು. 10 ಗಿಗಾಬಿಟ್ ಮಾರ್ಗವಿದ್ದರೆ ಎರಡೂಕಾಲು ಗಂಟೆ ಸಾಕು. ಇದು ಲೆಕ್ಕದ ಮಾತು. ನಡೆಯುವುದು ಹಾಗಲ್ಲ. ನನಗೆ ಪರಿಚಯವಿದ್ದ ಒಂದು ಜೀವವಿಜ್ಞಾನದ ತಂಡವು, ಹೊರಗೆ ದೊಡ್ಡ ಮಾರ್ಗವಿದ್ದರೂ, ಡಿಸ್ಕ್‌ಗಳನ್ನು ಡಬ್ಬಿಯಲ್ಲಿ ಕಟ್ಟಿ ಕೊರಿಯರ್ ಮಾಡುತ್ತಿತ್ತು. ಆವರಣದ ಒಳಗಿನ ಫೈರ್‌ವಾಲ್ ಎಂಬ ಕಾವಲು ಯಂತ್ರವು ದತ್ತಾಂಶದ ಒಂದೊಂದು ತುಣುಕನ್ನೂ ತಡೆದು ತಪಾಸಿಸಿ ಹರಿವನ್ನೇ ಕೊಲ್ಲುತ್ತಿತ್ತು. ಇಂಥ ದೂರುಗಳು ಎಲ್ಲೆಡೆ ಇದ್ದುದರಿಂದಲೇ ಇರಬೇಕು, 2012ರಿಂದ ಸೈನ್ಸ್ ಫೌಂಡೇಶನ್ ಆವರಣದ ಒಳಗಿನ ಜಾಲಗಳ ಸುಧಾರಣೆಗೇ ಪ್ರತ್ಯೇಕ ಅನುದಾನ ಕೊಡತೊಡಗಿತು. ಹೆದ್ದಾರಿಯನ್ನು ಕಟ್ಟಿದ ಮೇಲೂ ಅಂಗಳದ ತನಕ ಹಣ ಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಊರಿನಲ್ಲೂ ಈ ಪ್ರಯತ್ನ ಚಿಕ್ಕದೇನಲ್ಲ. ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಜಾಲದಲ್ಲಿ ಬೆಸೆಯಲು 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಅದಕ್ಕಿತ್ತು. 2010ರಲ್ಲಿ ಕೇಂದ್ರ ಸಂಪುಟವು ಇಂಥ ಸಂಸ್ಥೆಗಳಿಗೆ ವೇಗದ ಸಂಪರ್ಕ ಕೊಡುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ 5,990 ಕೋಟಿ ರೂಪಾಯಿ ಮಂಜೂರು ಮಾಡಿತು. ಆ ಮೊತ್ತ ನಾಚಿಕೆಪಡುವಂಥದ್ದಲ್ಲ.

ಹಿಂದಿನ ಸಲ ಊರಿಗೆ ಬಂದಾಗ, ಹೆಸರು ಬೇಡ, ಒಂದು ವಿಶ್ವವಿದ್ಯಾಲಯದ ಗಣಕ ಕೇಂದ್ರಕ್ಕೆ ಅಪ್ಪನೊಡನೆ ಹೋಗಿದ್ದೆ. ಜ್ಞಾನ ಜಾಲದ 1 ಗಿಗಾಬಿಟ್ ಮಾರ್ಗ ಬಂದು ಸೇರುವ ಪೆಟ್ಟಿಗೆಯನ್ನು ಅಲ್ಲಿನವರು ಹೆಮ್ಮೆಯಿಂದ ತೋರಿಸಿದರು. ಎದುರಿನ ಕಟ್ಟಡದ ಭೌತಶಾಸ್ತ್ರ ವಿಭಾಗಕ್ಕೆ ಎಷ್ಟು ವೇಗ ತಲುಪುತ್ತದೆ ಎಂದು ಕೇಳಿದೆ. ಮಧ್ಯದಲ್ಲಿ ಜಾಲವನ್ನು ಕಟ್ಟಡಗಳಿಗೆ ಹಂಚುವ ಸ್ವಿಚ್ ಹಳೆಯದು, ಹಾಗಾಗಿ ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಮೊಬೈಲಿನ ಡೇಟಾವನ್ನೇ ಬಳಸುತ್ತಾರೆ ಎಂದರು. ಅಪ್ಪ ನನ್ನ ಕಡೆ ನೋಡಿ, "ಟ್ರಾನ್ಸ್‌ಫಾರ್ಮರ್ ಕೂರಿಸಿ ಸರ್ವಿಸ್ ವೈರ್ ಎಳೆಯದೆ ಬಿಟ್ಟಿದ್ದಾರೆ" ಎಂದು ಮೆಲ್ಲಗೆ ಹೇಳಿದರು. ಹೊಸ ಸ್ವಿಚ್‌ಗೆ ಬರೆದಿದ್ದೀರಾ ಎಂದು ಅವರೇ ವಿಚಾರಿಸಿದರು. ಬರೆದು ಒಂದು ವರ್ಷವಾಯಿತು ಸಾರ್, ಕಡತ ಹಣಕಾಸು ವಿಭಾಗದಲ್ಲಿದೆ ಎಂದು ಉತ್ತರ ಬಂತು.