ಹಲಸಿನ ಮರದ ಪೆಟ್ಟಿಗೆಗೆ ಒಕ್ಕಲು ಬಂತು

ಬಂದವು ಮಾರಾಯ್ರೇ, ಬಂದೇ ಬಿಟ್ಟವು! ನಿನ್ನೆ ಮಧ್ಯಾಹ್ನ ಇಡೀ ತುಡುವೆ ಜೇನಿನ ಕುಟುಂಬ ಹಿತ್ತಿಲ ಹಲಸಿನ ಮರಕ್ಕೆ ಕಟ್ಟಿದ್ದ ಖಾಲಿ ಪೆಟ್ಟಿಗೆಯೊಳಗೆ ಇಳಿಯಿತು. ಅಮ್ಮ "ಅನ್ನ ಆರ್ತದೆ, ಬಾರಾ" ಅಂತ ಕೂಗ್ತಾ ಇದ್ರು, ಯಾರಿಗೆ ಬೇಕು ಅನ್ನ?

ಶಿವರಾತ್ರಿ ಆಸುಪಾಸಿನಲ್ಲಿ ತೀರ್ಥಹಳ್ಳಿ ಕಡೆ ಏನೇನು ನಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಾವು ಹೂ ಬಿಟ್ಟಿದೆ, ಮುತ್ತುಗ ಕೆಂಪಾಗಿದೆ, ಕುಟ್ರುಹಕ್ಕಿಗೆ ಬೆಳಗಿಂದ ಸಂಜೆವರೆಗೆ ಬಾಯಿ ಮುಚ್ಚುವ ಯೋಚನೆಯೇ ಇಲ್ಲ. ಜೇನು ಪಾಲಾಗುವ ಕಾಲ, ಅಂದರೆ ಕುಟುಂಬ ಒಡೆದು ಒಂದು ಗುಂಪು ಹೊಸ ಮನೆ ಹುಡುಕಿ ಹೊರಡುವ ಕಾಲ. ಪೆಟ್ಟಿಗೆ ಎಷ್ಟೆತ್ತರಕ್ಕೆ, ಯಾವ ಮುಖಕ್ಕೆ ಅನ್ನೋದೆಲ್ಲ ಬಿಡಿ. ನನ್ನ ತಲೆ ತಿಂದದ್ದು ಒಂದೇ ಸಂಗತಿ: ಜಾಗ ಹುಡುಕುವ ನೊಣಗಳು ಬರುತ್ತವೆ, ಗೋಡೆ ಮೇಲೆ ಓಡಾಡುತ್ತವೆ, ಹಿಂಬದಿಗೂ ಒಂದು ಸುತ್ತು ಹಾಕುತ್ತವೆ, ಹೋಗುತ್ತವೆ. ಹೆಣ್ಣು ನೋಡಲು ಬಂದವರು ಕೇಸರಿಬಾತು ತಿಂದು "ಊರಿಗೆ ಹೋಗಿ ತಿಳಿಸ್ತೇವೆ" ಅಂದ ಹಾಗೆ.

ಯುರೋಪಿನ ಜೇನು ಹೀಗೆ ಮನೆ ಆರಿಸುವುದನ್ನು ಜರ್ಮನ್ ವಿಜ್ಞಾನಿ ಮಾರ್ಟಿನ್ ಲಿಂಡೌವರ್ 1950ರ ದಶಕದಲ್ಲೇ ಕಂಡುಕೊಂಡಿದ್ದರು. ಮರಕ್ಕೆ ಜೋತುಬಿದ್ದ ಗುಂಪಿನ ಮೇಲೆ ಈ ನೊಣಗಳು ಕುಣಿದು ತಾವು ಕಂಡ ಜಾಗವನ್ನು ಸಾರುತ್ತವೆ, ಕೊನೆಗೆ ಒಂದೇ ಜಾಗಕ್ಕೆ ಒಮ್ಮತ ಬಂದ ಮೇಲೆ ಗುಂಪು ಏಳುತ್ತದೆ. ನನ್ನ ಪೆಟ್ಟಿಗೆಗೆ ಓಟೇ ಬೀಳುತ್ತಿರಲಿಲ್ಲ.

ಮೊದಲ ಅನುಮಾನ ವಾಸನೆ. ಪೆಟ್ಟಿಗೆ ಕಳಿಸಿದ ಪುಣ್ಯಾತ್ಮ ಒಳಗೂ ಹಸಿರು ಪೇಂಟ್ ಬಳಿದಿದ್ದ! ಕೇಳಿದರೆ "ಸಾರ್, ಗೆದ್ದಲು ಬರಲ್ಲ" ಅಂತಾನೆ. ಜೇನೂ ಬರಲ್ಲ ಮಾರಾಯ. ಗಾಜಿನ ಚೂರಲ್ಲಿ ಕೆರೆದು, ಬಿಸಿಲಿಗಿಟ್ಟು, ಹಳೇ ಜೇನುಗೂಡಿನ ಎರಿಯ ಮೇಣ ತಿಕ್ಕಿದೆ. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನೂ ಸವರಿದೆ. ಅದರಲ್ಲಿರುವ ಸಿಟ್ರಾಲ್ ಅನ್ನುವ ಘಮದ ಅಂಶ ಮೆಲ್ಲಿಫೆರಾ (ಅದೇ ಯುರೋಪಿನ ಜೇನು) ನೊಣಗಳು ಒಂದನ್ನೊಂದು ಕರೆಯುವ ವಾಸನೆಯಲ್ಲೂ ಇದೆ. ನಮ್ಮ ತುಡುವೆ ಮಾತ್ರ ಕ್ಯಾರೇ ಅನ್ನಲಿಲ್ಲ. ನನ್ನ ಕೇಳಿದರೆ ಹಳೇ ಮೇಣವೇ ಮೇಲು.

ಆಮೇಲೆ ಚಗಳಿ, ಮರದ ಮೇಲಿನ ಕೆಂಪಿರುವೆ. ಕೊಂಬೆಯಿಂದ ತಂತಿ ಹಿಡಿದು ಸೀದಾ ಮುಚ್ಚಳಕ್ಕೇ ಇಳಿಯುತ್ತಿದ್ದವು. ಕೈಗೆ ಸಿಕ್ಕಷ್ಟು ಚಟ್ನಿಯಾದವು. ಉಳಿದವಕ್ಕೆ ತಂತಿಗೆ ಸುಟ್ಟ ಇಂಜಿನ್ ಆಯಿಲ್ ಬಟ್ಟೆ ಸುತ್ತಿದೆ. ಆದರೂ ನೊಣಗಳದ್ದು ಅದೇ ರಾಗ.

ಒಂದು ರಾತ್ರಿ ಟಾರ್ಚ್ ಹೊತ್ತಿಸಿ ಒಳಗಿಟ್ಟು ಮುಚ್ಚಳ ಹಾಕಿ ನೋಡಿದೆ. ಮೂಲೆಯಲ್ಲಿ, ಹಿಂದಿನ ಹಲಗೆಯ ಸಂದಿನಲ್ಲಿ, ಎಲ್ಲ ಕಡೆ ಬೆಳಕು! ಹಸಿ ಮರದಲ್ಲೇ ಮಾಡಿದ್ದಾನೆ, ಒಣಗಿ ಸೊಟ್ಟಗಾಗಿದೆ. ಮೇಲೆ ಪೇಂಟ್ ಇದ್ದದ್ದಕ್ಕೆ ಹಗಲಲ್ಲಿ ಕಾಣುತ್ತಿರಲಿಲ್ಲ. ಕತ್ತಲ ಪೊಟರೆ ಹುಡುಕುವ ಜೀವಕ್ಕೆ ಕಿಟಕಿ ಇಟ್ಟ ಮನೆ ಯಾಕೆ? ಸಂದಿಗೆಲ್ಲ ಮೇಣ ಮೆತ್ತಿ, ಮುಚ್ಚಳದಡಿ ಅಡಿಕೆ ಹಾಳೆಯ ಪಟ್ಟಿ ಕೊಟ್ಟೆ. ಮಾರನೇ ದಿನವೇ ಬಾಗಿಲಲ್ಲಿ ಜಾತ್ರೆ, ಸಂಜೆಯಾದರೂ ಕದಲಲಿಲ್ಲ.

ಅಂದ ಹಾಗೆ, ಹಾಳೆ ತರಲು ಹೋದಾಗ ಕೊಟ್ಟಿಗೆಯ ಮಣ್ಣಿನ ಗೋಡೆಯಲ್ಲಿ ಮುಜಂಟಿಯ (ಚುಚ್ಚದ ಪುಟ್ಟ ಜೇನು) ಮೇಣದ ಕೊಳವೆ ಕಣ್ಣಿಗೆ ಬಿತ್ತು. ಗೋಡೆ ಒಡೆಯುವ ಹಾಗಿಲ್ಲ, ಅಪ್ಪ ನನ್ನನ್ನೇ ಒಡೆದಾರು. ಕೊಳವೆಗೆ ಪೈಪ್ ಜೋಡಿಸಿ ಹೊರಗೊಂದು ಬಿದಿರಿನ ಅಂಡೆ ಕಟ್ಟಿ, ಅವು ಅದರ ಮೂಲಕವೇ ಓಡಾಡುವ ಹಾಗೆ ಮಾಡುವುದು ಮುಂದಿನ ಕೆಲಸ. ಒಳಗೆ ಅರ್ಧ ಇಂಚಿನ ಪೈಪ್ ಹಾಕಿದವರು ಇದ್ದರೆ ಹೇಳಿ.

ಪೆಟ್ಟಿಗೆ ಬಾಗಿಲಿಗೆ ರಾಣಿ ಗೇಟ್, ಅಂದರೆ ರಾಣಿನೊಣ ಹೊರಗೆ ಹೋಗದಂತೆ ತಡೆಯುವ ಪಟ್ಟಿ, ಹಾಕಿಲ್ಲ. ಬಂದದ್ದು ಎರಡನೇ ಪಾಲಾಗಿದ್ದರೆ, ಅಂದರೆ ಹೊಸ ರಾಣಿಯ ಜೊತೆ ಹೊರಟ ಗುಂಪಾಗಿದ್ದರೆ, ರಾಣಿ ಇನ್ನೂ ಗಂಡುನೊಣ ಕೂಡಲು ಹೊರಗೆ ಹೋಗಬೇಕು, ಗೇಟ್ ಹಾಕಿದರೆ ಸಂಸಾರವೇ ಕೆಟ್ಟಿತು. ಸದ್ಯ ಪೆಟ್ಟಿಗೆ ಮುಟ್ಟುವುದಿಲ್ಲ. ಕಾಲಲ್ಲಿ ಪರಾಗ ಹೊತ್ತು ಬರತೊಡಗಿದರೆ ಮುಂದಿನ ವಾರ ಚೌಕಟ್ಟು ಎತ್ತಿ ಮೊಟ್ಟೆ ಹುಡುಕುತ್ತೇನೆ.