ಮಾವನ ಆಂಪ್ಲಿಫೈಯರಿನ ಗುಂಯ್

14 ಜುಲೈ 2024, ಭಾನುವಾರ
ಬದಿಯಡ್ಕ

ಮೂರು ದಿನದಿಂದ ಒಂದೇ ಸಮ ಮಳೆ. ಅಡಿಕೆಗೆ ಮದ್ದು ಬಿಡುವುದಕ್ಕೆ ಒಂದು ಹೊತ್ತಿನ ಬಿಸಿಲೂ ಇಲ್ಲ. ತಂದಿಟ್ಟ ಮೈಲುತುತ್ತು ಮೂಲೆಯಲ್ಲಿ ಕೂತಿದೆ. ನಾನು ಚಾವಡಿಯ ಮೇಜಿನ ಮೇಲೆ ಮಾವನ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತೆ.

"ಅಣ್ಣನ ಸಾಮಾನು, ಹಾಳು ಮಾಡಿ ಇಡಬೇಡ" ಎಂದು ಅಮ್ಮ ಒಳಗಿನಿಂದಲೇ ಹೇಳಿದರು.

ಮಾವ ಇದನ್ನು 1982ರಲ್ಲಿ ಬಹರೈನಿನಿಂದ ತಂದದ್ದು. ಜಪಾನಿನ ಮಾಲು. ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಎರಡು ವರ್ಷದಿಂದ ಆನ್ ಮಾಡಿದ ಕೂಡಲೇ ಗುಂಯ್ ಅನ್ನಲು ಶುರು ಮಾಡುತ್ತಿತ್ತು. ವಾಲ್ಯೂಮ್ ಸೊನ್ನೆಗೆ ತಂದರೂ ಅಷ್ಟೇ ಸದ್ದು. ಅಲ್ಲಿಗೆ ಅರ್ಧ ರೋಗ ಗೊತ್ತಾದ ಹಾಗೆ. ವಾಲ್ಯೂಮ್ ತಿರುಗಿಸಿದ ಹಾಗೆ ಏರಿಳಿಯುವ ಗುಂಯ್ ಆದರೆ ಅದು ಕ್ಯಾಸೆಟ್ ಪ್ಲೇಯರ್ ಕಡೆಯಿಂದ ಬರುವಂಥದ್ದು. ವಾಲ್ಯೂಮಿಗೆ ಕ್ಯಾರೇ ಅನ್ನದಿದ್ದರೆ ಹೆಚ್ಚಾಗಿ ಒಳಗೆ ಕರೆಂಟ್ ಒದಗಿಸುವ ಪವರ್ ಸಪ್ಲೈಯದ್ದೇ ತಕರಾರು.

ಮನೆಗೆ ಬರುವ ಕರೆಂಟಿಗೆ ಸೆಕೆಂಡಿಗೆ 50 ಸುತ್ತು. ಹಿಂದೆ ಮುಂದೆ ಹರಿಯುವ ಆ ಕರೆಂಟನ್ನು ಒಂದೇ ದಿಕ್ಕಿಗೆ (ಡಿಸಿ) ತಿರುಗಿಸುವ ಬ್ರಿಡ್ಜ್ ದಾಟಿದ ಮೇಲೆ ಅದು 100 ಏರಿಳಿತ ಆಗುತ್ತದೆ. ಆ ನಡುವಿನ ಹೊಂಡಗಳನ್ನು ತುಂಬುವುದು ಫಿಲ್ಟರ್ ಕಂಡೆನ್ಸರಿನ ಕೆಲಸ. (ಕೆಪಾಸಿಟರ್ ಅಂತ ಪುಸ್ತಕದಲ್ಲಿ. ಅಂಗಡಿಯಲ್ಲಿ ಕಂಡೆನ್ಸರ್ ಅಂದರೇ ಬೇಗ ಸಿಗುತ್ತದೆ.) ಒಳಗಿನ ದ್ರವ ವರ್ಷ ಕಳೆದ ಹಾಗೆ ಒಣಗುತ್ತದೆ. ಆಮೇಲೆ ಹೊಂಡ ಹೊಂಡವಾಗಿಯೇ ಉಳಿದು ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ.

ಎರಡೂ ಫಿಲ್ಟರ್ ಕಂಡೆನ್ಸರ್ 10,000 ಮೈಕ್ರೋಫ್ಯಾರಡ್, 50 ವೋಲ್ಟಿನವು. ಬುಡದಲ್ಲಿ ಕಂದು ಬಣ್ಣದ ಅಂಟು. ಸೋರಿದೆ ಅಂದುಕೊಂಡೆ, ಅಲ್ಲ. ಕಾರ್ಖಾನೆಯಲ್ಲಿ ಅಲುಗದ ಹಾಗೆ ಹಾಕಿದ ಅಂಟು ಹಳತಾಗಿ ಕಪ್ಪಾದದ್ದು. ಆದರೂ ಬಿಡುವ ಹಾಗಿಲ್ಲ, ಅದು ಹಳತಾದರೆ ಪಕ್ಕದ ತಂತಿಯನ್ನು ತಿನ್ನುತ್ತದೆ. ಚಾಕುವಿನ ತುದಿಯಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಎರಡು ಕಾಫಿ ಆಯಿತು.

ಅದಕ್ಕೂ ಮೊದಲು ಪ್ಲಗ್ ಕಿತ್ತು ಚಾರ್ಜ್ ಇಳಿಸಿಕೊಂಡೆ. 100 ಓಮ್, 5 ವಾಟಿನ ರೆಸಿಸ್ಟರ್ ಅಡ್ಡ ಹಿಡಿದರೆ ಐದಾರು ಸೆಕೆಂಡು ಸಾಕು. ಸ್ಕ್ರೂಡ್ರೈವರಿನಲ್ಲಿ ಚಟಾರ್ ಅನ್ನಿಸುವವರು ಇದ್ದಾರೆ. ನನಗೆ ಆ ಧೈರ್ಯ ಬೇಡ.

ಬಿಚ್ಚಿ ಮೀಟರಿಗೆ ಹಚ್ಚಿದರೆ ಒಂದು 8,900 ತೋರಿಸಿತು, ಇನ್ನೊಂದು 5,200. ಕಳ್ಳ ಸಿಕ್ಕಿದ.

ಆದರೆ ಇಷ್ಟು ಯಾಕೆ ಸೊರಗಿತು? ಬಿಚ್ಚುವ ಮೊದಲು ಅಳೆದಾಗ ಅದರ ಮೇಲೆ 48 ವೋಲ್ಟ್ ಇತ್ತು. 50ರ ಕಂಡೆನ್ಸರಿಗೆ 48 ಅಂದರೆ ಕುತ್ತಿಗೆ ತನಕ ನೀರು. ಹಿಂಬದಿ ತಿರುಗಿಸಿ ನೋಡಿದೆ. ವೋಲ್ಟೇಜಿನ ಸಣ್ಣ ತಿರುಗಣೆ 220ರಲ್ಲೇ ಇದೆ! ನಮ್ಮಲ್ಲಿ ಪ್ಲಗ್ಗಿನಲ್ಲಿ ಬರುವುದು 240. ಮಾವನಿಗೆ ಫೋನ್ ಮಾಡಿದೆ.

"ಹೌದಾ? ಅದಕ್ಕೆ ಹಿಂದೆಯೂ ಸ್ವಿಚ್ ಇದೆಯಾ?" ಅಂದರು.

ನಲವತ್ತೆರಡು ವರ್ಷ!

ಕಾಸರಗೋಡಿನ ಅಂಗಡಿಯಿಂದ ನಿನ್ನೆಯೇ ಹೊಸತು ತಂದಿದ್ದೆ. ಅಂಗಡಿಯವರು "85 ಡಿಗ್ರಿಯದ್ದು ಸಾಕಲ್ಲ?" ಅಂದರು. ನಾನು 63 ವೋಲ್ಟ್, 105 ಡಿಗ್ರಿಯದ್ದೇ ಬೇಕು ಅಂದೆ. ಜಿಪುಣತನ ಮಾಡುವ ಜಾಗ ಇದಲ್ಲ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು, ಬಿಸಿ 10 ಡಿಗ್ರಿ ಇಳಿದಂತೆಲ್ಲ ಸುಮಾರು ಎರಡು ಪಟ್ಟು ಬಾಳುತ್ತದೆ. 45ಕ್ಕೆ ಇಳಿದರೆ ಕಾಗದದ ಮೇಲಿನ ಲೆಕ್ಕಕ್ಕೆ 1,28,000 ಗಂಟೆ. ನಾನೇ ಅಷ್ಟು ಬಾಳಬೇಕಲ್ಲ.

ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಪಕ್ಕ ಕೂತಿದ್ದ, ಇಂಥದ್ದೇ ದ್ರವ ಇರುವ ಆರು ಸಣ್ಣ ಕಂಡೆನ್ಸರ್, ಅಂದರೆ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿದೆ, ಬಿಸಿಗೆ ಮೊದಲು ಸೊರಗುವುದು ಅವೇ. ಪ್ಲಾಸ್ಟಿಕ್ ಫಿಲ್ಮಿನ ಕಂಡೆನ್ಸರುಗಳನ್ನು ಮುಟ್ಟಲಿಲ್ಲ. ಅವು ಒಣಗುವುದಿಲ್ಲ, ಅವುಗಳಲ್ಲಿ ದ್ರವವೇ ಇಲ್ಲ. ಹಳತು ಅಂತ ಎಲ್ಲವನ್ನೂ ಕಿತ್ತು ಹಾಕುವ ಚಟ ನನಗೂ ಇತ್ತು. ಬೋರ್ಡಿನ ತಾಮ್ರ ಎರಡು ಸಲ ಎದ್ದು ಬಂದ ಮೇಲೆ ಬಿಟ್ಟಿತು.

ಒಂದು ಎಡವಟ್ಟು ಆಯಿತು. ಬೋರ್ಡಿನ ಮೇಲೆ ಬಿಳಿ ಬಳಿದ ಕಡೆ ಮೈನಸ್ ಅಂತ ಅಭ್ಯಾಸಬಲದಲ್ಲಿ ಒಂದನ್ನು ಬೆಸುಗೆ ಹಾಕಿಬಿಟ್ಟೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿದರೆ ಈ ಬೋರ್ಡಿನಲ್ಲಿ ಬಿಳಿ ಅಂದರೆ ಪ್ಲಸ್. ಹಾಗೇ ಆನ್ ಮಾಡಿದ್ದರೆ ಪಟಾಕಿ! ಮತ್ತೆ ಬಿಚ್ಚಿ ತಿರುಗಿಸಿ ಹಾಕಿದೆ.

ತಿರುಗಣೆ 240ಕ್ಕೆ ತಂದು, 60 ವಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ ಕೊಟ್ಟು ಆನ್ ಮಾಡಿದೆ. ಬಲ್ಬು ಭಗ್ಗನೆ ಉರಿದು ಮೆಲ್ಲ ಮಂಕಾಯಿತು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಅಂತ ಲೆಕ್ಕ. ಬಲ್ಬು ತೆಗೆದು ನೇರ ಕೊಟ್ಟೆ. ಈಗ 44 ವೋಲ್ಟ್. ಸ್ಪೀಕರಿಗೆ ಡಿಸಿ ಹೋಗಬಾರದು; ಅದರ ತುದಿಯಲ್ಲಿ ಎಡಕ್ಕೆ 12, ಬಲಕ್ಕೆ 19 ಮಿಲಿವೋಲ್ಟ್ ಮಾತ್ರ. ತೊಂದರೆ ಇಲ್ಲ. ಆಮೇಲೆ ಸ್ಪೀಕರ್ ಹಾಕಿದೆ. ಹಂಚಿನ ಮೇಲಿನ ಮಳೆ ಬಿಟ್ಟರೆ ಏನೂ ಕೇಳಲಿಲ್ಲ.

ಸಂಜೆ ಅಮ್ಮ ಬಂದು ಕೂತರು. ಮಾವ ಊರಿಗೆ ಬಂದಾಗ ದೇವಸ್ಥಾನದಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಳೆ ಕ್ಯಾಸೆಟ್ ಹಾಕಿದೆ. ಪದ ಮುಗಿಯಿತು. ಪದಕ್ಕೆ ಮಾತು ಕಟ್ಟಿ ಹೇಳುವ ಅರ್ಥಧಾರಿ ಗಂಟಲು ಸರಿ ಮಾಡಿಕೊಂಡರು. ಆ ಒಂದು ಗಳಿಗೆಯ ಮೌನದಲ್ಲಿ ಮತ್ತೆ ಗುಂಯ್.

ಎದೆ ಧಸಕ್ಕೆಂದಿತು. ವಾಲ್ಯೂಮ್ ಇಳಿಸಿದೆ, ಗುಂಯ್ ಇಳಿಯಿತು. ಏರಿಸಿದೆ, ಏರಿತು. ಕ್ಯಾಸೆಟ್ ನಿಲ್ಲಿಸಿದೆ, ಮಳೆ ಮಾತ್ರ.

"ಅದು ಆ ರಾತ್ರಿಯ ಮೈಕ್ ಸೆಟ್ಟು" ಅಂದರು ಅಮ್ಮ. "ಅವತ್ತೂ ಹೀಗೇ ಬಡಬಡಿಸುತ್ತಿತ್ತು. ನಿನ್ನ ಮಾವ ಎರಡು ಸಲ ಎದ್ದು ಹೋಗಿ ಮೈಕಿನವನಿಗೆ ಬೈದು ಬಂದಿದ್ದ."